ಒಂದು ಗಂಟೆಯ ಮಂಗಳೂರು

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣವೆಂದು ವೇಳಾಪಟ್ಟಿಗಳು ಸಾರುತ್ತವೆ. ವೇದಿಕೆಯ ಮೇಲಿನ ಮಹನೀಯರೂ ಇದೇ ಒಂದು ಗಂಟೆಯನ್ನು ಎತ್ತಿ ಹೇಳಿ, ಕರಾವಳಿಯು ರಾಜಧಾನಿಯ ಬಾಗಿಲಿಗೇ ಬಂದಿತೆಂದು ಹರ್ಷಪಡುವುದುಂಟು. ಈ ಗಂಟೆಯನ್ನು ಸ್ವಲ್ಪ ಬಿಚ್ಚಿ ನೋಡುವುದು ಉಚಿತವೆಂದು ನಮಗೆ ತೋರುತ್ತದೆ.

ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ 300 ಕಿಲೋಮೀಟರಿಗೆ ತುಸು ಮೇಲೆ. ವಿಮಾನವು ಮೇಲೇರಿ ಮುಗಿಯುವಷ್ಟರಲ್ಲಿಯೇ ಇಳಿಯುವ ಸಿದ್ಧತೆ ನಡೆಯುತ್ತದೆ. ಆದರೆ ಪ್ರಯಾಣಿಕನು ಓಡುದಾರಿಯ ಮೇಲೆ ವಾಸಿಸುವವನಲ್ಲವಷ್ಟೆ! 2008ನೆಯ ಮೇ 24ರಿಂದ ಬೆಂಗಳೂರಿನ ನಿಲ್ದಾಣವು ದೇವನಹಳ್ಳಿಯ ಬಳಿಗೆ ಹೋಯಿತು; ಮೆಜೆಸ್ಟಿಕ್ಕಿನಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರು. ದಾರಿಯ ದಟ್ಟಣೆಯಲ್ಲಿ ಒಂದೂವರೆ ಗಂಟೆ, ತಪಾಸಣೆಗೆಂದು ಮುಂಚಿತವಾಗಿ ಹೋಗಿ ಕಾಯುವುದು ಒಂದೂವರೆ ಗಂಟೆ, ಹಾರಾಟ ಒಂದು ಗಂಟೆ, ಬಜ್ಪೆಯ ಗುಡ್ಡದ ಮೇಲೆ ಇಳಿದು ಸಾಮಾನು ಪಡೆದು ಪಟ್ಟಣ ಸೇರಲು ಮತ್ತೊಂದು ಗಂಟೆ. ಐದು ಗಂಟೆಯಾಯಿತು. ಮಳೆಗಾಲದಲ್ಲಿ ಬಜ್ಪೆಗೆ ಮಂಜು ಕವಿದರೆ ವಿಮಾನವು ಬೇರೆಲ್ಲಿಯೋ ಇಳಿಯುವುದೂ ಉಂಟು.

ನಾವು ವಿಮಾನದ ವಿರೋಧಿಗಳಲ್ಲ. 1951ನೆಯ ಡಿಸೆಂಬರ್ 25ರಂದು ಪಂಡಿತ ನೆಹರೂರವರು ಬಜ್ಪೆಯಲ್ಲಿ ಇಳಿದುದು ಕರಾವಳಿಗೆ ಹೆಮ್ಮೆಯ ದಿನವೇ ಸರಿ. ಆದರೆ ವಿಮಾನದ ದರ ತೆರಲಾರದವರ ಗಡಿಯಾರವೇ ಬೇರೆ. ರಸ್ತೆಯಲ್ಲಿ ಸುಮಾರು 350 ಕಿಲೋಮೀಟರು. ಶಿರಾಡಿ ಘಟ್ಟ ಇಳಿದು ಹೋಗುವ ರಾತ್ರಿಯ ಬಸ್ಸಿಗೆ ಏಳೆಂಟು ಗಂಟೆ. ರೈಲಿನ ಕಥೆಯಂತೂ ಕೇಳುವಂತಹುದೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಐವತ್ತಕ್ಕೆ ಒಂದರ ಇಳಿಜಾರು. ಗಾಡಿಯು ಗಂಟೆಗೆ 30 ಕಿಲೋಮೀಟರಿನ ವೇಗವನ್ನು ಮೀರುವಂತಿಲ್ಲ. ಹಳಿಗಳನ್ನು ಅಗಲಗೊಳಿಸಲು 1996ರಲ್ಲಿ ನಿಂತ ಜನರ ಗಾಡಿ ಮರಳಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಶ್ರೀರಾಮನ ವನವಾಸಕ್ಕೆ ಮೂರೇ ವರ್ಷ ಕಡಿಮೆ! 2018ರ ಮತ್ತು 2024ರ ಮಳೆಯಲ್ಲಿ ಗುಡ್ಡ ಕುಸಿದು ರಸ್ತೆಗೂ ಹಳಿಗೂ ಒಟ್ಟಿಗೇ ಅಡ್ಡಿಯಾಯಿತು. ಅಂತಹ ದಿನಗಳಲ್ಲಿ ಬೆಂಗಳೂರು ಎಷ್ಟು ಗಂಟೆಯ ದೂರವೆಂಬುದನ್ನು ಯಾವ ವೇಳಾಪಟ್ಟಿಯೂ ಹೇಳಲಾರದು.

ಇದು ಪ್ರವಾಸಿಗಳ ಸೌಕರ್ಯದ ಮಾತು ಮಾತ್ರವಲ್ಲ. ಧಾರವಾಡ, ಕಲಬುರಗಿಗಳಲ್ಲಿ 2008ರಿಂದ ಹೈಕೋರ್ಟಿನ ಪೀಠಗಳು ಕುಳಿತಿವೆ. ಪುತ್ತೂರು, ಬೆಳ್ತಂಗಡಿಗಳ ಕಕ್ಷಿಗಾರನಾದರೋ ಘಟ್ಟ ಹತ್ತಿ ಬೆಂಗಳೂರಿಗೇ ಬರಬೇಕು. ಅವನ ಮೊಕದ್ದಮೆ ಮುಂದಕ್ಕೆ ಹೋದರೆ ಎರಡು ರಾತ್ರಿಯ ನಿದ್ದೆ ಮತ್ತು ಒಂದು ದಿನದ ದುಡಿಮೆ ವ್ಯರ್ಥ. ಅಂತಹವನ ಮುಂದೆ ಒಂದು ಗಂಟೆಯ ಹಾರಾಟವನ್ನು ಬಣ್ಣಿಸುವುದು ಹಸಿದವನಿಗೆ ಪಂಚಭಕ್ಷ್ಯದ ಪಟ್ಟಿ ಓದಿದಂತೆ.

ಆದುದರಿಂದ ರಾಜ್ಯದವರೂ ಕೇಂದ್ರದವರೂ ಮೊದಲು ಘಟ್ಟದ ಕಡೆಗೆ ಕಣ್ಣು ಹಾಯಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಕುಸಿಯುವ ಇಳಿಜಾರುಗಳನ್ನು ಪ್ರತಿವರ್ಷ ಕುಸಿದ ಮೇಲೆ ನೋಡುವುದಲ್ಲ, ಮುಂಗಾರಿಗೆ ಮೊದಲೇ ಭದ್ರಪಡಿಸಬೇಕು. ಕರಾವಳಿಯ ಕಕ್ಷಿಗಾರರಿಗೆ ಮಂಗಳೂರಿನಲ್ಲಿಯೇ ಹೈಕೋರ್ಟಿನ ಪೀಠವೊಂದು ಏಕೆ ಕೂಡದೆಂಬ ಪ್ರಶ್ನೆಗೂ ಸರಕಾರದವರು ನೇರವಾದ ಉತ್ತರ ಕೊಡಲಿ.