ದೀಪ ಬೇಡ, ಲೆಕ್ಕ ಕೊಡಿ

ವರ್ಷಕ್ಕೊಮ್ಮೆ ಮೇ 12 ಬರುತ್ತದೆ. ಅವತ್ತು ಆಸ್ಪತ್ರೆಯ ಯಜಮಾನರಿಗೆ ಇದ್ದಕ್ಕಿದ್ದಂತೆ ನರ್ಸುಗಳ ಮೇಲೆ ಪ್ರೀತಿ ಉಕ್ಕುತ್ತದೆ. ಕೇಕು ಕತ್ತರಿಸುತ್ತಾರೆ. ಒಂದು ಕೈಗೆ ಗುಲಾಬಿ, ಇನ್ನೊಂದು ಕೈಗೆ ಮೇಣದ ಬತ್ತಿ. ಆಮೇಲೆ ಭಾಷಣ: ನೀವು ಕರುಣಾಮಯಿಗಳು, ತ್ಯಾಗಮೂರ್ತಿಗಳು, ಬಿಳಿ ಬಟ್ಟೆಯ ದೇವತೆಗಳು. ಫೋಟೋ ಹಿಡಿಯುತ್ತಾರೆ. ಫೋಟೋ ಮುಗಿದ ಮೇಲೆ ಅದೇ ದೇವತೆ ವಾರ್ಡಿಗೆ ಹೋಗಿ ಇಡೀ ರಾತ್ರಿ ಒಬ್ಬಳೇ ಓಡಾಡುತ್ತಾಳೆ.

ಈ ಮಾತುಗಳು ನಮಗೆ ಹೊಸವಲ್ಲ. ಸೇವೆ, ತ್ಯಾಗ, ಪುಣ್ಯ, ಈ ಮೂರರ ಬೆನ್ನಹಿಂದೆ ಏನು ಅಡಗಿರುತ್ತದೆ ಅನ್ನೋದು ಕೇರಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನಮ್ಮ ತಾತಂದಿರು ಸತ್ತ ದನ ಎಳೆದರು, ಗುಂಡಿ ತೋಡಿದರು, ಸಾವಿನ ಸುದ್ದಿ ಹೊತ್ತು ಊರೂರು ಅಲೆದರು. ಅದನ್ನೂ ಸೇವೆ ಅಂದರು. ಸೇವೆ ಅಂದ ಕೂಡಲೇ ಕೂಲಿ ಕೇಳುವ ಬಾಯಿ ಕಟ್ಟಿತು. ಇವತ್ತು ಅದೇ ಮಾತಿಗೆ ಇಸ್ತ್ರಿ ಹಾಕಿ ನರ್ಸಿನ ಹೆಗಲಿಗೆ ಹೊದಿಸುತ್ತಿದ್ದಾರೆ. ಅದಕ್ಕೇ ನಾವು ಮೊದಲೇ ಹೇಳಿಬಿಡುತ್ತೇವೆ: ಹೂವು ನಿಮ್ಮ ಹತ್ತಿರವೇ ಇರಲಿ. ನಮಗೆ ಒಂದು ಸಂಖ್ಯೆ ಬೇಕು. ಈ ರಾತ್ರಿ, ಈ ವಾರ್ಡಿನಲ್ಲಿ, ಒಬ್ಬ ನರ್ಸಿನ ತಲೆಗೆ ಎಷ್ಟು ರೋಗಿ?

ನಾವಿರುವುದು ಅಲ್ಲಾಳಸಂದ್ರದಲ್ಲಿ. ಸಂದ್ರ ಅಂದರೆ ಸಮುದ್ರ, ಅಂದರೆ ಕೆರೆ. ಕೆರೆಯ ಹೆಸರು ಹೊತ್ತ ಊರು. ಒಂದು ಕಡೆ ಯಲಹಂಕ, ಇನ್ನೊಂದು ಕಡೆ ಜಿ.ಕೆ.ವಿ.ಕೆ.ಯ ಹೊಲ, ಪಕ್ಕದಲ್ಲೇ ಬಳ್ಳಾರಿ ರಸ್ತೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ಇಳಿದ ಮೇಲೆ ಈ ರಸ್ತೆಯ ಮಣ್ಣಿಗೆ ಚಿನ್ನದ ಬೆಲೆ ಬಂತು. ರಾಗಿ ಬೆಳೆದ ಜಾಗದಲ್ಲಿ ಗಾಜಿನ ಕಟ್ಟಡ ಎದ್ದವು. ಹೆಬ್ಬಾಳದಿಂದ ಯಲಹಂಕದ ತನಕ ದೊಡ್ಡ ದೊಡ್ಡ ಆಸ್ಪತ್ರೆಗಳು ಬಂದವು. ಬೆಳಕು ಹರಿಯುವ ಮುಂಚೆ ಪಿ.ಜಿ.ಗಳಿಂದ ಹುಡುಗಿಯರು ಹೊರಡುತ್ತಾರೆ. ಕೇರಳದವರು, ಮಣಿಪುರದವರು, ನಮ್ಮ ರಾಯಚೂರು ಕಲಬುರಗಿ ಕಡೆಯವರು. ಅವರು ನರ್ಸುಗಳು. ಅದೇ ಹೊತ್ತಿಗೆ ನಮ್ಮ ಅವ್ವಂದಿರು, ಅಕ್ಕಂದಿರು ಕಂಟ್ರಾಕ್ಟರು ಕೊಟ್ಟ ಸೀರೆ ಉಟ್ಟು ಬಸ್ಸಿಗೆ ಕಾಯುತ್ತಾರೆ. ಅವರು ಆಯಾಗಳು. ಎರಡು ಸಾಲು, ಒಂದೇ ವಾರ್ಡು. ಆ ವಾರ್ಡಿನಲ್ಲಿ ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಅನ್ನೋದು ದೇವರ ಕೈಲಿದೆ ಅಂತ ಗೋಡೆ ಮೇಲೆ ಬರೆಸಿರುತ್ತಾರೆ. ಸುಳ್ಳು. ಅದರಲ್ಲಿ ದೊಡ್ಡ ಪಾಲು ಈ ಎರಡು ಸಾಲಿನ ಕೈಯಲ್ಲಿದೆ.

ಇದು ನಮ್ಮ ಆವೇಶದ ಮಾತಲ್ಲ. ಅಳೆದು ತೂಗಿದ ಮಾತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಂಡಾ ಐಕೆನ್ ಎಂಬ ಸಂಶೋಧಕಿ, ಸ್ವತಃ ನರ್ಸು, ತನ್ನ ಜೊತೆಗಾರರೊಂದಿಗೆ 168 ಆಸ್ಪತ್ರೆಗಳ ಲೆಕ್ಕ ತೆಗೆದರು. ಹತ್ತು ಸಾವಿರಕ್ಕೂ ಹೆಚ್ಚು ನರ್ಸುಗಳನ್ನು ಕೇಳಿದರು; ಶಸ್ತ್ರಚಿಕಿತ್ಸೆಯಾದ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದರು. 2002ರಲ್ಲಿ ಪ್ರಕಟವಾದ ಉತ್ತರ ಇದು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದ ಹಾಗೆಲ್ಲಾ, ದಾಖಲಾದ 30 ದಿನದೊಳಗೆ ರೋಗಿ ಸಾಯುವ ಸಂಭವ ಶೇಕಡ 7ರಷ್ಟು ಹೆಚ್ಚು. 2014ರಲ್ಲಿ ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳ ಲೆಕ್ಕ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲೂ ಅದೇ 7. ಜೊತೆಗೆ ಇನ್ನೊಂದು ಸಂಗತಿ: ಪದವಿ ಓದಿದ ನರ್ಸುಗಳ ಪಾಲು ಶೇಕಡ 10 ಹೆಚ್ಚಿದ ಕಡೆ ಸಾವಿನ ಸಂಭವ ಶೇಕಡ 7ರಷ್ಟು ಇಳಿದಿತ್ತು. ಅಂದರೆ ಹುಡುಗಿಯರನ್ನು ಓದಿಸಿದರೆ ರೋಗಿ ಬದುಕುತ್ತಾನೆ.

ಯಾಕೆ ಹೀಗೆ? ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಡಾಕ್ಟರು ದಿನಕ್ಕೊಂದೆರಡು ಸಲ ಬಂದು ಹೋಗುತ್ತಾರೆ. ಮಿಕ್ಕ ಹೊತ್ತೆಲ್ಲಾ ರೋಗಿಯ ಮೇಲೆ ಇರುವ ಕಣ್ಣು ನರ್ಸಿನದು. ಉಸಿರು ಏರಿದ್ದು, ನಾಡಿ ಇಳಿದಿದ್ದು, ಮೈ ತಣ್ಣಗಾಗಿದ್ದು, ಹೊಲಿಗೆ ಹಾಕಿದ ಕಡೆ ರಕ್ತ ಒಸರಿದ್ದು ಮೊದಲು ಕಾಣುವುದು ಆ ಕಣ್ಣಿಗೆ. ಕಂಡರೆ ಡಾಕ್ಟರಿಗೆ ಫೋನು ಹೋಗುತ್ತದೆ, ಜೀವ ಉಳಿಯುತ್ತದೆ. ಕಾಣದಿದ್ದರೆ ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರು ಕೇಸ್ ಶೀಟಿನ ಕೊನೆ ಸಾಲು ಬರೆಯುತ್ತಾರೆ. ಪೆಟ್ಟಿಗೆ ಲೆಕ್ಕ ಬೇಡ, ಬೆರಳ ಲೆಕ್ಕ ಸಾಕು. ಎಂಟು ಗಂಟೆಯ ಪಾಳಿ ಅಂದರೆ 480 ನಿಮಿಷ. ಐದು ರೋಗಿ ಇದ್ದರೆ ಒಬ್ಬರಿಗೆ 96 ನಿಮಿಷ. ಇಪ್ಪತ್ತು ರೋಗಿ ಇದ್ದರೆ 24 ನಿಮಿಷ. ಆ 24ರಲ್ಲೇ ಮಾತ್ರೆ, ಇಂಜೆಕ್ಷನ್ನು, ಡ್ರಿಪ್ಪು, ಬಿ.ಪಿ., ಬರವಣಿಗೆ, ಸಂಬಂಧಿಕರ ಬೈಗುಳ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ಮುದುಕಿಯನ್ನು ಯಾರು ಬದಲಿಸುತ್ತಾರೆ? ಆ ಮುದುಕಿಯ ಬೆನ್ನಿನ ಹುಣ್ಣು ನರ್ಸಿನ ಸೋಮಾರಿತನದಿಂದ ಆದದ್ದಲ್ಲ. ಅದು ಆಡಳಿತ ಮಂಡಳಿ ಹಾಕಿದ ರುಜು.

ನಮ್ಮ ಪಕ್ಕದ ಜಿ.ಕೆ.ವಿ.ಕೆ.ಯಲ್ಲಿ ಸಾಲಿನಿಂದ ಸಾಲಿಗೆ ಎಷ್ಟು ಅಂತರ, ಪೈರಿನಿಂದ ಪೈರಿಗೆ ಎಷ್ಟು ಅಂತರ ಅಂತ ಅಳೆದು ಇಳುವರಿ ಹೇಳುತ್ತಾರೆ. ಕಳೆ ಕೀಳೋಕೆ ಎಕರೆಗೆ ಎಷ್ಟು ಆಳು ಬೇಕು ಅನ್ನೋದು ಓದದ ರೈತನಿಗೂ ಗೊತ್ತು. ಆಳು ಕಮ್ಮಿ ಆದರೆ ಕಳೆ ಗೆಲ್ಲುತ್ತದೆ. ರಾಗಿಗೆ ಇರುವ ಈ ಲೆಕ್ಕ ಮನುಷ್ಯನಿಗೆ ಯಾಕಿಲ್ಲ?

ಲೆಕ್ಕ ಇಲ್ಲ ಅಂತಲ್ಲ. ಬಚ್ಚಿಟ್ಟಿದ್ದಾರೆ. ದೀಪ ಹಿಡಿದ ದೇವಿ ಅಂತ ಯಾರ ಪಟಕ್ಕೆ ಮೇ 12ರಂದು ಹಾರ ಹಾಕುತ್ತಾರೋ ಆ ಫ್ಲಾರೆನ್ಸ್ ನೈಟಿಂಗೇಲ್ ಯಾರು? 1854ರಲ್ಲಿ ಕ್ರಿಮಿಯಾ ಯುದ್ಧದ ಸ್ಕುಟಾರಿ ಆಸ್ಪತ್ರೆಗೆ ಹೋದವಳು. ಅಲ್ಲಿ ಸಿಪಾಯಿಗಳು ಗುಂಡೇಟಿಗಿಂತ ಹೆಚ್ಚಾಗಿ ಹೊಲಸಿನಿಂದ ಹುಟ್ಟಿದ ರೋಗಕ್ಕೆ ಸಾಯುತ್ತಿದ್ದಾರೆ ಅಂತ ತಿಂಗಳು ತಿಂಗಳ ಸಾವು ಎಣಿಸಿ, ಚಿತ್ರ ಬರೆದು, 1858ರಲ್ಲಿ ಸರ್ಕಾರದ ಮುಖಕ್ಕೆ ಹಿಡಿದವಳು. ಅದೇ ವರ್ಷ ಲಂಡನ್ನಿನ ಅಂಕಿಅಂಶ ಸಂಘ ಅವಳನ್ನು ಸದಸ್ಯಳನ್ನಾಗಿ ಮಾಡಿಕೊಂಡಿತು; ಆ ಸಂಘಕ್ಕೆ ಮೊದಲ ಹೆಂಗಸು. ಸಾಮ್ರಾಜ್ಯದ ಮಗಳು ಹೌದು, ಶ್ರೀಮಂತರ ಮನೆಯವಳು ಹೌದು. ಆದರೆ ಅವಳ ಕತ್ತಿ ಲೆಕ್ಕದ ಪುಸ್ತಕ. ನಮ್ಮ ಯಜಮಾನರು ಮಾಡಿದ್ದೇನು? ಪುಸ್ತಕ ಬೀರುವಿಗೆ ಹಾಕಿ ಬೀಗ ಜಡಿದರು, ದೀಪ ಮಾತ್ರ ನರ್ಸಿನ ಕೈಗೆ ಕೊಟ್ಟರು.

ನಮ್ಮ ನಾಡಿನ ಮಗಳೊಬ್ಬಳ ಕತೆ ಇದಕ್ಕೆ ಸಾಕ್ಷಿ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯೊಳಗೆ ಒಬ್ಬ ನೌಕರ ಅವಳ ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ರಕ್ತ ಹೋಗದೆ ಅವಳು ಮತ್ತೆ ಏಳಲಿಲ್ಲ. 2015ರ ಮೇ 18ರಂದು ಸಾಯುವ ತನಕ, 41 ವರ್ಷಕ್ಕೂ ಹೆಚ್ಚು ಕಾಲ, ಅಲ್ಲಿನ ನರ್ಸುಗಳು ಅವಳನ್ನು ತೊಳೆದರು, ಉಣಿಸಿದರು, ಮಗ್ಗುಲು ಬದಲಿಸಿದರು. 2011ರಲ್ಲಿ ದಯಾಮರಣದ ಅರ್ಜಿಯನ್ನು ಸುಪ್ರೀಂ ಕೋರ್ಟು ವಿಚಾರಿಸಿದಾಗ ಆಸ್ಪತ್ರೆಯ ಡೀನ್ ಹೇಳಿದ್ದು: ಇಷ್ಟು ವರ್ಷಗಳಲ್ಲಿ ಅವಳ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲ. ಕೋರ್ಟು ಆ ನರ್ಸುಗಳನ್ನು ಹೊಗಳಿತು, ಪತ್ರಿಕೆಗಳು ಮಮತೆ ಅಂತ ಬರೆದವು. ಮಮತೆ ಇತ್ತು, ನಾವೂ ತಲೆಬಾಗುತ್ತೇವೆ. ಆದರೆ ಮಮತೆಯೊಂದೇ ಬೆನ್ನು ತಿರುಗಿಸುವುದಿಲ್ಲ, ಕೈ ಬೇಕು. ದಿನದ ಪ್ರತಿ ಪಾಳಿಯಲ್ಲೂ ಅವಳ ಹಾಸಿಗೆಗೆ ಅಂತ ಕೈಗಳಿದ್ದವು. ಒಬ್ಬಳಿಗೆ ಸಾಧ್ಯವಾದದ್ದು ಎಲ್ಲರಿಗೂ ಯಾಕೆ ಸಾಧ್ಯವಿಲ್ಲ ಅಂತ ಯಾವ ಪತ್ರಿಕೆಯೂ ಕೇಳಲಿಲ್ಲ.

ದುಡ್ಡಿಲ್ಲ ಅಂತಾರೆ. ಗಾಜಿಗೆ ದುಡ್ಡಿದೆ, ಜಾಹೀರಾತಿಗೆ ದುಡ್ಡಿದೆ, ಹೆಬ್ಬಾಗಿಲ ಕಾರಂಜಿಗೆ ದುಡ್ಡಿದೆ. ಭಾರತೀಯ ಶುಶ್ರೂಷಾ ಪರಿಷತ್ತು ಹಿಂದೆಯೇ ಹೇಳಿತ್ತು: ಬೋಧಕ ಆಸ್ಪತ್ರೆಯಲ್ಲಿ 3 ರೋಗಿಗೊಬ್ಬ ನರ್ಸು, ಬೇರೆ ಆಸ್ಪತ್ರೆಯಲ್ಲಿ 5ಕ್ಕೊಬ್ಬರು. ಕಾಗದ ಹಾಗೇ ಹಳದಿಯಾಯಿತು. 2016ರ ಜನವರಿ 29ರಂದು ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಯ ನರ್ಸುಗಳ ಸಂಬಳ, ಕೆಲಸದ ಸ್ಥಿತಿ ನೋಡೋಕೆ ಸಮಿತಿ ಮಾಡಿ ಅಂದಿತು. ಆ ಸಮಿತಿ ಹೇಳಿತು: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ಸರ್ಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಮ್ಮಿ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಕೇರಳದ ನರ್ಸುಗಳು ಬೀದಿಗಿಳಿದರು, ಮುಷ್ಕರ ಹೂಡಿದರು, 2018ರಲ್ಲಿ ಆ 20,000ವನ್ನು ಸರ್ಕಾರದ ಆಜ್ಞೆ ಮಾಡಿಸಿಕೊಂಡರು. ಕೇಳಿದವರಿಗೆ ಸಿಕ್ಕಿತು. ದೇವತೆಗಳಾಗಿ ಉಳಿದವರಿಗೆ ಗುಲಾಬಿ ಸಿಕ್ಕಿತು. 2020ರ ಮೇ 3ರಂದು ಕೊರೊನಾ ನಡುವೆ ದೇಶದ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿದರು. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕದ ಗುತ್ತಿಗೆ ಆರೋಗ್ಯ ನೌಕರರು, ನರ್ಸುಗಳೂ ಸೇರಿ, ಸಂಬಳಕ್ಕಾಗಿ ಮುಷ್ಕರ ಕೂರಬೇಕಾಯಿತು. ಹೂವಿಗೆ ಐದು ತಿಂಗಳ ಆಯಸ್ಸೂ ಇರಲಿಲ್ಲ.

ಈಗ ಸಂಶೋಧಕರಿಗೆ ನಮ್ಮದೊಂದು ಮಾತು. ನಿಮ್ಮ 7 ನಮಗೆ ಆಯುಧ, ಅದಕ್ಕೆ ಕೃತಜ್ಞರು. ಆದರೆ ನಿಮ್ಮ ಪಟ್ಟಿಯಲ್ಲಿ ನಮ್ಮ ಅವ್ವ ಇಲ್ಲ. ನರ್ಸು ಕಮ್ಮಿಯಾದ ವಾರ್ಡಿನಲ್ಲಿ ಬೆಡ್‌ಪ್ಯಾನು ಹಿಡಿಯುವವಳು, ವಾಂತಿ ಬಳಿಯುವವಳು, ಹೆಣ ತೊಳೆಯುವವಳು ಯಾರು? ಆಯಾ. ಸರ್ಕಾರಿ ಆಸ್ಪತ್ರೆಯಲ್ಲಾದರೆ ಕೂಲಿ ಬಿಟ್ಟು ಬಂದು ಹಾಸಿಗೆ ಕೆಳಗೆ ಮಲಗುವ ಹೆಂಡತಿ. ಇವರಿಗೆ ತರಬೇತಿ ಇಲ್ಲ, ಕೈಗವಸು ಇಲ್ಲ, ಲೆಕ್ಕದಲ್ಲಿ ಹೆಸರೂ ಇಲ್ಲ. ವಾರ್ಡಿನೊಳಗೂ ಚಾತುರ್ವರ್ಣ್ಯ ಮಾಡಿಟ್ಟಿದ್ದಾರೆ: ಮೇಲೆ ಡಾಕ್ಟರು, ಕೆಳಗೆ ನರ್ಸು, ಅದರ ಕೆಳಗೆ ಆಯಾ, ಎಲ್ಲರ ಕೆಳಗೆ ಕಸ ಗುಡಿಸುವವಳು. ಮೈಲಿಗೆ ಇಳಿಯುತ್ತಾ ಇಳಿಯುತ್ತಾ ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಸಿಸ್ಟರುಗಳೇ, ನಿಮಗೂ ಹೇಳಬೇಕು. ಪರರ ಮೈ ಮುಟ್ಟುವ ಕೆಲಸ ಅಂತ ಮೇಲ್ಜಾತಿಯವರು ಒಂದು ಕಾಲದಲ್ಲಿ ನಿಮ್ಮ ಕಸುಬಿನಿಂದಲೇ ಮೂಗು ಮುಚ್ಚಿಕೊಂಡಿದ್ದರು. ಆ ಅವಮಾನ ಉಂಡವರು ನೀವು. ಅದನ್ನು ಕಳೆದುಕೊಳ್ಳೋಕೆ ಹೊಲಸು ಕೆಲಸವನ್ನೆಲ್ಲಾ ಆಯಾಳ ಕಡೆ ತಳ್ಳಿ ನೀವು ಮೇಲಾಗಬೇಡಿ. ಅವಳೂ ನಿಮ್ಮ ಸಂಘಕ್ಕೆ ಸೇರಲಿ, ನಿಮ್ಮ ಜೊತೆ ತರಬೇತಿ ಪಡೆಯಲಿ, ನಿಮ್ಮ ಪಕ್ಕ ಕೂತು ಉಣ್ಣಲಿ. ದೀಪದ ದೇವಿಗಿಂತ ನಮಗೆ ಹತ್ತಿರದ ತಾಯಿ ಸಾವಿತ್ರಿಬಾಯಿ ಫುಲೆ. 1897ರ ಪ್ಲೇಗಿನಲ್ಲಿ ಮುಂಢ್ವಾದ ಅಸ್ಪೃಶ್ಯರ ಕೇರಿಯಿಂದ ರೋಗದ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ಚಿಕಿತ್ಸಾಲಯಕ್ಕೆ ತಂದಳು. ಅದೇ ಪ್ಲೇಗು ತಗುಲಿ ಮಾರ್ಚ್ 10ರಂದು ಸತ್ತಳು. ಅವಳು ಮುಟ್ಟಿದ್ದು ಊರು ಮುಟ್ಟದವರನ್ನು. ಸ್ಪರ್ಶ ಅಂದರೆ ಏನು ಅಂತ ನಮಗೆ ಕಲಿಸಿದ್ದು ಅದು.

ಹಾಗಾದರೆ ನಾವು ಕೇಳೋದೇನು? ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ಖಾಸಗಿ ಡಾಕ್ಟರುಗಳು ಹೊರರೋಗಿ ವಿಭಾಗ ಮುಚ್ಚಿ ಬೆಳಗಾವಿಗೆ ಹೋಗಿ ಕೂತರು. ಆದರೂ ದರದ ಪಟ್ಟಿ ಎದ್ದು ಕಾಣುವಂತೆ ಹಾಕಬೇಕು ಅನ್ನುವ ನಿಯಮ ಉಳಿಯಿತು. ಆ ದರಪಟ್ಟಿಯ ಪಕ್ಕ ಇನ್ನೊಂದು ಹಲಗೆ ಬೇಕು. ಪ್ರತಿ ವಾರ್ಡಿನ ಬಾಗಿಲಲ್ಲಿ, ಪ್ರತಿ ಪಾಳಿಗೆ, ಕನ್ನಡದಲ್ಲಿ: ಹಾಸಿಗೆ ಎಷ್ಟು, ರೋಗಿ ಎಷ್ಟು, ನರ್ಸು ಎಷ್ಟು, ಆಯಾ ಎಷ್ಟು. ಇದು ಆಗದ ಮಾತೇನಲ್ಲ. ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರಿನಲ್ಲಿ ಖರ್ಚು ಉಳಿಸೋಕೆ ನರ್ಸುಗಳನ್ನು ಕಡಿಮೆ ಮಾಡಿದ ಆಸ್ಪತ್ರೆಯಲ್ಲಿ ರೋಗಿಗಳು ಹೊಲಸು ಹಾಸಿಗೆಯಲ್ಲಿ, ಕೈಗೆಟುಕದ ನೀರು ನೋಡುತ್ತಾ ಬಿದ್ದಿದ್ದರು ಅಂತ 2013ರ ವಿಚಾರಣಾ ವರದಿ ಬಯಲು ಮಾಡಿತು. 2014ರಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಇಂಥ ಹಲಗೆ ಹಾಕಬೇಕಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಯಿತು: 1999ರಲ್ಲಿ ಕಾನೂನು ಮಾಡಿ, 2004ರಿಂದ ಒಬ್ಬ ನರ್ಸಿಗೆ ಇಷ್ಟೇ ರೋಗಿ ಅಂತ ಗೆರೆ ಎಳೆಯಿತು. ಅದು ಅಮೆರಿಕ, ಇದು ಇಂಡಿಯಾ ಅಂತಾರೆ ಯಜಮಾನರು. ಬಿಲ್ಲು ಬರೆಯುವಾಗ ಅಮೆರಿಕ, ನರ್ಸು ಎಣಿಸುವಾಗ ಇಂಡಿಯಾ!

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಈ ಕೆಲಸಕ್ಕೆ ಸರ್ಕಾರದ ಅಪ್ಪಣೆ ಬೇಡ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ 2005ರ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ಮಂಜೂರಾದ ನರ್ಸು ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ರಾತ್ರಿ ಪಾಳಿಗೆ ಇದ್ದವರು ಎಷ್ಟು. ನಿಮ್ಮವರು ಯಾರಾದರೂ ದಾಖಲಾದರೆ ಹಣ್ಣಿನ ಜೊತೆ ಒಂದು ನೋಟುಬುಕ್ಕು ಒಯ್ಯಿರಿ. ಹಾಸಿಗೆ ಎಣಿಸಿ, ನರ್ಸು ಎಣಿಸಿ, ಆಯಾಗಳನ್ನು ಎಣಿಸಿ, ತಾರೀಕು ಹಾಕಿ ಬರೆದಿಡಿ. ಲೋಪವಾದರೆ ಸಿಸ್ಟರಿನ ಮೇಲೆ ಕೈ ಎತ್ತಬೇಡಿ. ಅವಳ ತಲೆಗೆ ಎಷ್ಟು ರೋಗಿ ಅಂತ ಕೇಳಿ, ಆ ಸಂಖ್ಯೆ ಹಿಡಿದು ಯಜಮಾನನ ಬಾಗಿಲಿಗೆ ಹೋಗಿ.

ಎಣಿಸೋಕೆ ಕಲಿಸಬಾರದು ಅಂತಲೇ ಸಾವಿರಾರು ವರ್ಷ ನಮ್ಮನ್ನು ಶಾಲೆಯ ಹೊರಗಿಟ್ಟಿದ್ದರು. ಕಲಿತಿದ್ದೇವೆ. ಮುಂದಿನ ಮೇ 12ಕ್ಕೆ ಅವರು ಮೇಣದ ಬತ್ತಿ ಹಚ್ಚಲಿ. ನಾವು ಹಲಗೆ ಮತ್ತು ಸೀಮೆಸುಣ್ಣ ತರುತ್ತೇವೆ.