ಮಳೆಗಾಲದಲ್ಲಿ ನೀರುಬಣ್ಣ

ಚಿತ್ರ ಬರೆಯುವುದು ಮಕ್ಕಳ ಕೆಲಸ, ಇಲ್ಲವೆ ಕಲಾವಿದರ ಕೆಲಸ. ನಡುವಿನವರಾದ ನಮಗೆ ಅದರ ಗೊಡವೆಯೇಕೆ ಎಂಬ ಮಾತನ್ನು ಅನೇಕ ಮಿತ್ರರು ಆಡುವುದುಂಟು. ಹೋದ ವರ್ಷದವರೆಗೆ ನಾನೂ ಹಾಗೆಯೇ ಹೇಳುತ್ತಿದ್ದೆ. ಶಾಲೆಯ ಸ್ಪರ್ಧೆಯೊಂದರಲ್ಲಿ ನನ್ನ ಗುಡ್ಡದ ಚಿತ್ರಕ್ಕೆ, ಅರ್ಧ ಕಾಗದ ಖಾಲಿ ಬಿಟ್ಟಿದ್ದೇನೆಂದು ಅಂಕ ಕಳೆದರು. ಅಂದು ಕೆಳಗಿಟ್ಟ ಕುಂಚವನ್ನು ಮತ್ತೆ ಮುಟ್ಟಿರಲಿಲ್ಲ.

ಕಳೆದ ಆಷಾಢದಲ್ಲಿ ಮಳೆ ಹಿಡಿದು, ಸಂಸೆಯ ಕಡೆಯ ನಮ್ಮ ಮನೆಯಲ್ಲಿ ಕರೆಂಟಿಲ್ಲದೆ ಕುಳಿತಿದ್ದಾಗ ಅಟ್ಟದ ಮೇಲೆ ಹಳೆಯ ಬಣ್ಣದ ಡಬ್ಬಿ ಸಿಕ್ಕಿತು. ಬಿಲ್ಲೆಗಳು ಒಣಗಿ ಬಿರುಕುಬಿಟ್ಟಿದ್ದವು. ಆದರೆ ನೀರುಬಣ್ಣವನ್ನು ಹಿಡಿದಿಡುವುದು ಮರದ ಗೋಂದು. ಎಷ್ಟು ವರ್ಷ ಒಣಗಿದ್ದರೂ ನಾಲ್ಕು ಹನಿ ನೀರು ಬಿದ್ದರೆ ಕರಗುತ್ತದೆ. ಜಗಲಿಯಲ್ಲಿ ಕುಳಿತು ಕುದುರೆಮುಖದ ಸಾಲನ್ನು ಬರೆಯತೊಡಗಿದೆ. ನೆತ್ತಿಯ ಹುಲ್ಲಿನ ಹಸಿರು ಬೇರೆ, ಕಣಿವೆಯ ಮಡಿಲಿನ ಶೋಲಾ ಕಾಡಿನ ಹಸಿರು ಬೇರೆ. ಹುಟ್ಟಿದಂದಿನಿಂದ ಎದುರಿಗಿದ್ದರೂ ಅದು ನನಗೆ ಕಂಡದ್ದು ಅಂದೇ. ಹುಲ್ಲಿಗೆ ಹಳದಿ ಬೆರೆಸಬೇಕು. ಕಾಡಿಗೆ ನೀಲಿ, ಜೊತೆಗೆ ತುಸು ಕಂದು.

ಮಲೆನಾಡಿನ ಮಳೆಗಾಲದಲ್ಲಿ ಬಣ್ಣ ಒಣಗಲೊಲ್ಲದು. ಮೊದಲ ಪದರ ಆರುವ ಮುನ್ನ ಎರಡನೆಯದನ್ನಿಟ್ಟರೆ ಕಾಡು ಆಕಾಶಕ್ಕೆ ಹರಿಯುತ್ತದೆ. ಕಾಗದವನ್ನು ಬಚ್ಚಲೊಲೆಯ ಮುಂದೆ ಹಿಡಿದು ನಿಂತೆ. "ಎಂತದೋ ಅದು, ಹಪ್ಪಳ ಸುಡ್ತಿದ್ದೀಯ?" ಎಂದು ಅಜ್ಜಿ ನಕ್ಕರು. ಆದರೆ ಹರಿದ ಅಂಚು ಒಣಗಿದ ಮೇಲೆ ನೋಡಿದರೆ ಅದೇ ಮಂಜಿನಂತಿತ್ತು!

ಮಂಜಿಗೆ ಬಿಳಿ ಬಣ್ಣ ಬೇಕಿಲ್ಲ, ಕಾಗದವನ್ನು ಬಿಟ್ಟರಾಯಿತು. ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕೆನಾಲುಗಳ ಬೆಟ್ಟ ಮೋಡಗಳನ್ನು ಇದೇ ನೀರುಬಣ್ಣದಲ್ಲಿ ಬರೆದರು. ಆ ಚಿತ್ರಗಳ ಅಚ್ಚಿನ ಪ್ರತಿಗಳನ್ನು ನೋಡಿದ ದಿನ, ಕಳೆದುಹೋದ ನನ್ನ ಅಂಕಗಳ ಚಿಂತೆ ಬಿಟ್ಟೆ.

ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಚಿತ್ರ ತೆಗೆಯಬಹುದಲ್ಲ ಎಂದು ಗೆಳೆಯನೊಬ್ಬ ಕೇಳಿದ. ತೆಗೆಯಬಹುದು, ನಾನೂ ನೂರಾರು ತೆಗೆದಿದ್ದೇನೆ. ಅವುಗಳಲ್ಲಿ ಒಂದಕ್ಕೂ ನಾನು ಎರಡು ಗಂಟೆ ಆ ಗುಡ್ಡವನ್ನು ನೋಡಬೇಕಾಗಿ ಬರಲಿಲ್ಲ. ನಮ್ಮ ಕಾಲೇಜಿನಲ್ಲಿ ಚಿತ್ರಕಲೆಯೆಂದರೆ ವರ್ಷಕ್ಕೊಂದು ಸ್ಪರ್ಧೆ, ಮೂರು ಬಹುಮಾನ. ಉಳಿದವರು ಕುಂಚ ತೊಳೆದು ಮನೆಗೆ. ಇದು ಸಾಲದೆಂದು ನನ್ನ ಅಭಿಪ್ರಾಯ. ಅಧ್ಯಾಪಕರು ವಾರಕ್ಕೊಂದು ಸಂಜೆ ಒಂದು ಕೊಠಡಿಯನ್ನೂ ಒಂದು ಬಕೆಟ್ಟು ನೀರನ್ನೂ ಕೊಡಿಸಲಿ. ಬಹುಮಾನವೂ ಬೇಡ, ತೀರ್ಪುಗಾರರೂ ಬೇಡ.

ನಾನು ಬರೆದ ಕುದುರೆಮುಖ ಇನ್ನೂ ಕುದುರೆಯನ್ನು ಹೋಲಿಲ್ಲ. ಕಿವಿ ಕತ್ತೆಯದಾಗಿದೆ ಎಂದು ಅಜ್ಜಿಯ ಆಕ್ಷೇಪ. ಏಳನೆಯ ಕಾಗದ ಬಚ್ಚಲೊಲೆಯ ಮೇಲಿನ ತಂತಿಯಲ್ಲಿ ಒಣಗುತ್ತಿದೆ.