ಮುಅಲ್ಲಿಮರ ತರಬೇತಿ ತರಗತಿಯಿಂದಲೇ ಆರಂಭವಾಗಲಿ

ಮದ್ರಸ ಶಿಕ್ಷಣದ ಸುಧಾರಣೆಯ ಮಾತು ಬಂದಾಗಲೆಲ್ಲ ನಮ್ಮ ಸಾರ್ವಜನಿಕ ಚರ್ಚೆ ಪಠ್ಯಕ್ರಮ, ಕಂಪ್ಯೂಟರ್ ಮತ್ತು ಅನುದಾನಗಳ ಸುತ್ತಲೇ ತಿರುಗುತ್ತದೆ. ಮಗುವಿನ ಎದುರು ದಿನವೂ ಕುಳಿತು ಪಾಠ ಹೇಳುವ ಬೋಧಕನ ಕಲಿಕೆಯ ಪ್ರಶ್ನೆ ಮಾತ್ರ ಅಂಚಿನಲ್ಲಿಯೇ ಉಳಿಯುತ್ತದೆ. ಕೇಂದ್ರ ಸರ್ಕಾರ 1993-94ರಲ್ಲಿ ಆರಂಭಿಸಿದ ಮದ್ರಸ ಆಧುನೀಕರಣ ಕಾರ್ಯಕ್ರಮವೂ, 2009ರಲ್ಲಿ ಅದು ವಿಸ್ತೃತ ರೂಪ ಪಡೆದು ಮದ್ರಸಗಳಲ್ಲಿ ಗುಣಮಟ್ಟದ ಶಿಕ್ಷಣ ಒದಗಿಸುವ ಯೋಜನೆಯಾದದ್ದೂ ಮುಖ್ಯವಾಗಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮತ್ತು ಭಾಷೆಗಳನ್ನು ಕಲಿಸಲು ಹೊಸ ಶಿಕ್ಷಕರನ್ನು ಗೌರವಧನದ ಮೇಲೆ ನೇಮಿಸುವ ಉದ್ದೇಶ ಹೊಂದಿದ್ದವು. ಆ ಯೋಜನೆಯ ತರಬೇತಿಯ ಗಮನವೂ ಬಹುಪಾಲು ಇದೇ ಹೊಸ ಶಿಕ್ಷಕರ ಮೇಲಿತ್ತು. 2022ರ ನಂತರ ಕೇಂದ್ರದ ನೆರವು ನಿಂತಾಗ ಆ ಶಿಕ್ಷಕರು ಸಂಕಷ್ಟಕ್ಕೆ ಸಿಲುಕಿದರು. ಆದರೆ ಕುರ್‌ಆನ್ ಪಠಣ, ಅರಬ್ಬಿ ಅಕ್ಷರಾಭ್ಯಾಸ, ನಂಬಿಕೆ ಮತ್ತು ನಡತೆಯ ಪಾಠಗಳನ್ನು ಹೇಳಿಕೊಡುವ ಮೂಲ ಬೋಧಕನ ಬೋಧನಾ ಸಾಮರ್ಥ್ಯವನ್ನು ಬೆಳೆಸುವ ಕೆಲಸ ಯೋಜನೆ ಇದ್ದಾಗಲೂ ಅದು ನಿಂತ ಮೇಲೂ ಸಮುದಾಯದ ಹೊಣೆಯಾಗಿಯೇ ಉಳಿಯಿತು.

ಇಸ್ಲಾಮಿಕ್ ಶಾಲೆ ಎಂಬ ಹೆಸರಿನಡಿ ಕನಿಷ್ಠ ಮೂರು ಬಗೆಯ ಸಂಸ್ಥೆಗಳು ಸೇರುತ್ತವೆ. ಧಾರ್ಮಿಕ ವಿದ್ವಾಂಸರನ್ನು ರೂಪಿಸುವ ಪೂರ್ಣಾವಧಿಯ ಅರಬ್ಬಿ ಕಾಲೇಜುಗಳು ಮತ್ತು ದಾರುಲ್ ಉಲೂಮ್‌ಗಳು ಮೊದಲನೆಯವು. ಮಸೀದಿಗೆ ಹೊಂದಿಕೊಂಡು ಬೆಳಿಗ್ಗೆ ಅಥವಾ ಸಂಜೆ ನಡೆಯುವ ಮದ್ರಸಗಳು ಎರಡನೆಯವು. ಉತ್ತರ ಭಾರತದಲ್ಲಿ ಇವುಗಳಿಗೆ ಮಕ್ತಬ್ ಎಂಬ ಹೆಸರಿದೆ. ಸರ್ಕಾರಿ ಪಠ್ಯಕ್ರಮದ ಜೊತೆಗೆ ದೀನಿಯಾತ್ ಎಂದು ಕರೆಯುವ ಧಾರ್ಮಿಕ ವಿಷಯಗಳನ್ನೂ ಕಲಿಸುವ ಮುಸ್ಲಿಂ ಆಡಳಿತದ ಸಾಮಾನ್ಯ ಶಾಲೆಗಳು ಮೂರನೆಯವು. 2006ರ ಸಾಚಾರ್ ಸಮಿತಿಯ ವರದಿ ಮದ್ರಸ ಮತ್ತು ಮಕ್ತಬ್‌ಗಳ ನಡುವಿನ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿ, ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಪೂರ್ಣಾವಧಿಯ ಮದ್ರಸಗಳಲ್ಲಿ ಓದುವವರು ಶೇಕಡಾ ನಾಲ್ಕರ ಆಸುಪಾಸಿನಲ್ಲಿದ್ದಾರೆ ಎಂಬುದನ್ನು ತೋರಿಸಿತು. ಉಳಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಸಾಮಾನ್ಯ ಶಾಲೆಯ ವಿದ್ಯಾರ್ಥಿಗಳಾಗಿದ್ದುಕೊಂಡೇ ದಿನದ ಒಂದೆರಡು ಗಂಟೆಗಳನ್ನು ಮಸೀದಿಯ ಮದ್ರಸದಲ್ಲಿ ಕಳೆಯುತ್ತಾರೆ. ಆದ್ದರಿಂದ ಶಿಕ್ಷಕರ ವೃತ್ತಿ ಬೆಳವಣಿಗೆಯ ಪ್ರಶ್ನೆ ಅತಿ ಹೆಚ್ಚು ಮಕ್ಕಳ ಬದುಕನ್ನು ಮುಟ್ಟುವುದು ಈ ಎರಡನೆಯ ಬಗೆಯ ಮದ್ರಸಗಳಲ್ಲಿಯೇ.

ಈ ಮದ್ರಸಗಳ ವ್ಯವಸ್ಥಿತ ರೂಪವನ್ನು ಕೇರಳದಲ್ಲಿಯೂ, ಅದರ ವಿಸ್ತರಣೆಯನ್ನು ದಕ್ಷಿಣ ಕನ್ನಡ, ಉಡುಪಿ ಮತ್ತು ಕೊಡಗು ಜಿಲ್ಲೆಗಳಲ್ಲಿಯೂ ಕಾಣಬಹುದು. 1926ರಲ್ಲಿ ಸ್ಥಾಪನೆಯಾದ ವಿದ್ವಾಂಸರ ಸಂಘಟನೆಯಾದ ಸಮಸ್ತ ಕೇರಳ ಜಂಇಯ್ಯತುಲ್ ಉಲಮಾ 1951ರಲ್ಲಿ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡನ್ನು ರಚಿಸಿತು. ಇಂದು ಆ ಬೋರ್ಡಿನ ಅಧೀನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮದ್ರಸಗಳಿವೆ. 1989ರಲ್ಲಿ ಸಂಘಟನೆ ಒಡೆದ ಬಳಿಕ ಕಾಂತಪುರಂ ಎ.ಪಿ. ಅಬೂಬಕರ್ ಮುಸ್ಲಿಯಾರ್ ಅವರ ಬಣವೂ ತನ್ನದೇ ಶಿಕ್ಷಣ ಮಂಡಳಿಯ ಮೂಲಕ ಇಂತಹುದೇ ಜಾಲವನ್ನು ಬೆಳೆಸಿತು. ಸಮಾನ ಪಠ್ಯಪುಸ್ತಕ, 5, 7, 10 ಮತ್ತು 12ನೇ ತರಗತಿಗಳಿಗೆ ಪಬ್ಲಿಕ್ ಪರೀಕ್ಷೆ, ಮುಅಲ್ಲಿಮರು ಎಂದು ಕರೆಯಲಾಗುವ ಬೋಧಕರಿಗೆ ಸೇವಾ ದಾಖಲೆಯ ಪುಸ್ತಕ, ಹತ್ತಿರದ ಮದ್ರಸಗಳನ್ನು ಒಟ್ಟುಗೂಡಿಸಿದ ರೇಂಜ್ ಎಂಬ ಘಟಕ ಮತ್ತು ಮದ್ರಸಗಳಿಗೆ ಭೇಟಿ ನೀಡಿ ಪಾಠವನ್ನು ಪರಿಶೀಲಿಸುವ ಮುಫತ್ತಿಶ್ ಎಂಬ ತಪಾಸಣಾಧಿಕಾರಿ, ಇವೆಲ್ಲವೂ ಈ ವ್ಯವಸ್ಥೆಯ ಅಂಗಗಳು. ಸರ್ಕಾರದ ವೇತನವಾಗಲಿ ಆದೇಶವಾಗಲಿ ಇಲ್ಲದೆ, ಊರಿನ ಮಸೀದಿಯನ್ನು ನೋಡಿಕೊಳ್ಳುವ ಜಮಾಅತ್ ಸಮಿತಿಗಳ ವಂತಿಗೆಯಿಂದಲೇ ನಡೆದುಬಂದ ಇಷ್ಟು ದೊಡ್ಡ ಶಿಕ್ಷಣ ವ್ಯವಸ್ಥೆ ಭಾರತದಲ್ಲಿ ವಿರಳವಾದುದು, ಮತ್ತು ಅದರ ಈ ಸಾಧನೆಗೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ಣವಾಗಿ ಸಂದಿಲ್ಲ.

ಇಂತಹ ಗಟ್ಟಿ ಚೌಕಟ್ಟು ಇರುವ ಕಡೆಯಲ್ಲಿಯೂ ಬೋಧಕರಿಗಾಗಿ ನಡೆಯುವ ಕಾರ್ಯಾಗಾರಗಳು ಸಾಮಾನ್ಯವಾಗಿ ಭಾಷಣದ ಸಭೆಗಳಾಗಿಬಿಡುತ್ತವೆ ಎಂಬುದು ಕೊರಗಿನ ಸಂಗತಿ. ಕುರ್‌ಆನ್ ಪಠಣವಾದ ಕಿರಾಅತ್ ಮತ್ತು ಪ್ರಾರ್ಥನೆಯಾದ ದುಆದೊಂದಿಗೆ ಆರಂಭವಾಗಿ, ಸ್ವಾಗತ ಮತ್ತು ಉದ್ಘಾಟನೆಯ ಮಾತುಗಳು ಮುಗಿದ ಮೇಲೆ, ಶಿಕ್ಷಕನ ಘನತೆ, ಮಕ್ಕಳ ಮನೋವಿಜ್ಞಾನ, ಕಾಲದ ಸವಾಲುಗಳು ಎಂಬಂತಹ ವಿಶಾಲ ವಿಷಯಗಳ ಕುರಿತು ಉಪನ್ಯಾಸಗಳು ನಡೆಯುತ್ತವೆ. ಬೋಧಕರು ಅವನ್ನು ಶ್ರದ್ಧೆಯಿಂದ ಕೇಳುತ್ತಾರೆ, ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಆದರೆ ಮರುದಿನ ನಸುಕಿನಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಾಗ ಯಾವ ಮಗುವಿಗೆ ಏನನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂಬ ಪ್ರಶ್ನೆಗೆ ಆ ಉಪನ್ಯಾಸಗಳಲ್ಲಿ ಉತ್ತರವಿರುವುದಿಲ್ಲ. ಶಿಕ್ಷಕರ ಕಲಿಕೆಯ ಬಗ್ಗೆ ಲೋಕದ ಹಲವೆಡೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಹೇಳುವುದೂ ಇದನ್ನೇ: ಒಂದು ದಿನದ ಉಪದೇಶ ತರಗತಿಯ ಅಭ್ಯಾಸವನ್ನು ಬದಲಿಸುವುದು ಬಲು ಕಷ್ಟ, ಕಲಿಸುವ ವಿಷಯದೊಳಗೆ ನೇರವಾಗಿ ಇಳಿಯುವ, ಬೋಧಕನೇ ಮಾಡಿನೋಡುವ, ತಿಂಗಳುಗಟ್ಟಲೆ ಮುಂದುವರಿಯುವ ಮತ್ತು ತರಗತಿಯಲ್ಲಿಯೇ ಅನುಭವಿಯೊಬ್ಬನ ಬೆಂಬಲ ದೊರೆಯುವ ತರಬೇತಿಯಷ್ಟೇ ನೆಲೆನಿಲ್ಲುತ್ತದೆ.

ವಿಷಯದೊಳಗೆ ಇಳಿಯುವುದೆಂದರೇನು ಎಂಬುದನ್ನು ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1986ರಲ್ಲಿ ಮುಂದಿಟ್ಟ ಪರಿಕಲ್ಪನೆಯೊಂದು ಚೆನ್ನಾಗಿ ವಿವರಿಸುತ್ತದೆ. ವಿಷಯವನ್ನು ತಿಳಿದಿರುವುದು ಒಂದು ಜ್ಞಾನ, ಬೋಧನೆಯ ಸಾಮಾನ್ಯ ವಿಧಾನಗಳನ್ನು ತಿಳಿದಿರುವುದು ಮತ್ತೊಂದು ಜ್ಞಾನ. ನಿರ್ದಿಷ್ಟ ವಿಷಯವನ್ನು ಕಲಿಯುವಾಗ ಮಗು ಎಲ್ಲಿ ಎಡವುತ್ತದೆ, ಅಲ್ಲಿ ಯಾವ ಉದಾಹರಣೆ ನೆರವಾಗುತ್ತದೆ ಎಂಬುದನ್ನು ಬಲ್ಲ ಮೂರನೆಯ ಜ್ಞಾನವೇ ಶಿಕ್ಷಕನನ್ನು ವಿದ್ವಾಂಸನಿಂದ ಬೇರೆಯಾಗಿ ನಿಲ್ಲಿಸುತ್ತದೆ. ಇದನ್ನು ತಜ್‌ವೀದ್‌ಗೆ, ಅಂದರೆ ಕುರ್‌ಆನನ್ನು ಶುದ್ಧವಾಗಿ ಪಠಿಸುವ ನಿಯಮಗಳ ಶಾಸ್ತ್ರಕ್ಕೆ, ಅನ್ವಯಿಸಬಹುದು. ಆ ಶಾಸ್ತ್ರದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಮಖ್ರಜ್ ಎಂಬ ಉಚ್ಚಾರಣಾ ಸ್ಥಾನವಿದೆ. ಮನೆಯಲ್ಲಿ ಬ್ಯಾರಿ ಅಥವಾ ಕನ್ನಡವಾಡುವ ಮಗುವಿನ ಕಿವಿಗೆ ಅರಬ್ಬಿಯ ಸೀನ್, ಸ್ವಾದ್ ಮತ್ತು ಥಾ ಎಂಬ ಮೂರು ಅಕ್ಷರಗಳು ಬಹುತೇಕ ಒಂದೇ ಧ್ವನಿಯಾಗಿ ಕೇಳಿಸುತ್ತವೆ. ಕನ್ನಡದಲ್ಲಿ ಕಾಫ್ ಎಂದೇ ಬರೆಯುವ ಎರಡು ಅಕ್ಷರಗಳಲ್ಲಿ ಒಂದು ಕಿರುನಾಲಗೆಯ ಬಳಿಯಿಂದಲೂ ಇನ್ನೊಂದು ಅದಕ್ಕಿಂತ ಮುಂದಿನಿಂದಲೂ ಹುಟ್ಟುತ್ತದೆ ಎಂಬುದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಮಗುವಿಗೆ ಇವುಗಳ ವ್ಯತ್ಯಾಸ ಮೊದಲು ಕೇಳಿಸುವಂತೆ ಮಾಡಿ, ಆಮೇಲೆ ಬಾಯಿಯಲ್ಲಿ ರೂಢಿಸುವುದು ಹೇಗೆಂಬುದು ತಜ್‌ವೀದ್ ಬಲ್ಲವರಿಗೆಲ್ಲ ಸಹಜವಾಗಿ ಒಲಿಯುವ ಕೌಶಲವಲ್ಲ, ಅದನ್ನು ಪ್ರತ್ಯೇಕವಾಗಿ ಕಲಿಯಬೇಕಾಗುತ್ತದೆ. ಎಡದಿಂದ ಬಲಕ್ಕೆ ಸಾಗುವ ಕನ್ನಡ ಮತ್ತು ಇಂಗ್ಲಿಷ್ ಲಿಪಿಗಳನ್ನೂ, ಬಲದಿಂದ ಎಡಕ್ಕೆ ಸಾಗುವ ಅರಬ್ಬಿ ಲಿಪಿಯನ್ನೂ ಒಂದೇ ವರ್ಷದಲ್ಲಿ ಕಲಿಯುವ ಆರು ವರ್ಷದ ಮಗುವಿನ ಗೊಂದಲಗಳೂ ಇದೇ ಬಗೆಯವು. ಕಾರ್ಯಾಗಾರವೊಂದು ಇಂತಹ ಒಂದೇ ಒಂದು ತೊಡಕನ್ನು ಕೈಗೆತ್ತಿಕೊಂಡು ಅರ್ಧ ದಿನ ಚರ್ಚಿಸಿದರೂ ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನ ಪ್ರಯೋಜನವಾಗುತ್ತದೆ.

ಬೋಧನಾ ವಿಧಾನದ ಚಿಂತನೆ ಹೊರಗಿನಿಂದ ಬಂದದ್ದು, ಧಾರ್ಮಿಕ ಪಾಠಕ್ಕೆ ಅದರ ಅಗತ್ಯವಿಲ್ಲ ಎಂಬ ಭಾವನೆ ಕೆಲವರಲ್ಲಿದೆ. ಇಸ್ಲಾಮಿನ ವಿದ್ಯಾಪರಂಪರೆ ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಇಂದಿನ ಟುನೀಶಿಯಾದ ಕೈರುವಾನ್ ನಗರದ ಇಬ್ನ್ ಸಹ್ನೂನ್, 870ರಲ್ಲಿ ನಿಧನರಾದವರು, ಬೋಧಕರ ನಡವಳಿಕೆಯ ಕುರಿತೇ ಆದಾಬುಲ್ ಮುಅಲ್ಲಿಮೀನ್ ಎಂಬ ಕೃತಿಯನ್ನು ರಚಿಸಿ, ಮಕ್ಕಳ ನಡುವೆ ಸಮಾನತೆ, ಶಿಕ್ಷೆಯ ಮಿತಿ, ಬೋಧಕನ ಸಂಭಾವನೆ ಮುಂತಾದ ವಿಷಯಗಳನ್ನು ವಿವರಿಸಿದರು. ನಮ್ಮ ದರ್ಸ್‌ಗಳಲ್ಲಿ, ಅಂದರೆ ಮಸೀದಿಯ ಉನ್ನತ ಪಾಠವಲಯಗಳಲ್ಲಿ, ಪರಿಚಿತವಾಗಿರುವ ಝರ್ನೂಜಿಯವರ ತಅಲೀಮುಲ್ ಮುತಅಲ್ಲಿಮ್ ಕೃತಿ, ಆರಂಭದ ಪಾಠ ನೆನಪಿಟ್ಟುಕೊಳ್ಳಬಹುದಾದಷ್ಟು ಚಿಕ್ಕದಾಗಿರಬೇಕೆಂದೂ ಸಹಪಾಠಿಗಳೊಂದಿಗಿನ ಪರಸ್ಪರ ಚರ್ಚೆಯಾದ ಮುದಾಕರ ಅಗತ್ಯವೆಂದೂ ಹೇಳುತ್ತದೆ. 1377ರ ಮುಕದ್ದಿಮದಲ್ಲಿ ಇಬ್ನ್ ಖಲ್ದೂನ್ ವಿಷಯವನ್ನು ಹಂತಹಂತವಾಗಿ, ಪ್ರತಿ ಸುತ್ತಿನಲ್ಲಿಯೂ ಇನ್ನಷ್ಟು ಆಳಕ್ಕೆ ಹೋಗುವಂತೆ ಕಲಿಸಬೇಕೆಂದು ವಾದಿಸಿದರು. ಹಾಗಾಗಿ ಬೋಧಕರ ಕಾರ್ಯಾಗಾರಕ್ಕೆ ಬೇಕಾದ ಮೂಲಸಾಮಗ್ರಿ ಪರಂಪರೆಯೊಳಗೆ ಇದ್ದೇ ಇದೆ. ಅದನ್ನು ಗೌರವಿಸಿ ಉದ್ಧರಿಸುವುದಷ್ಟೇ ಸಾಲದು, ಅದರ ಪ್ರಕಾರ ಪಾಠವನ್ನು ಯೋಜಿಸುವ ಅಭ್ಯಾಸ ಬೆಳೆಯಬೇಕು. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಒಟ್ಟಾಗಿ ಒಂದು ಪಾಠವನ್ನು ಸಿದ್ಧಪಡಿಸಿ, ಒಬ್ಬರು ಅದನ್ನು ಬೋಧಿಸುವಾಗ ಉಳಿದವರು ಗಮನಿಸಿ, ನಂತರ ಚರ್ಚಿಸುವ ಪದ್ಧತಿಯೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಅದರ ತಿರುಳು ಮುದಾಕರದ ತಿರುಳಿಗೆ ಬಹಳ ಹತ್ತಿರದ್ದು.

ಕಾರ್ಯಾಗಾರಗಳು ತಪ್ಪಿಸಿಕೊಳ್ಳಬಾರದ ಇನ್ನೊಂದು ವಿಷಯ ಶಿಸ್ತು ಮತ್ತು ಮಕ್ಕಳ ರಕ್ಷಣೆ. ದೈಹಿಕ ಶಿಕ್ಷೆಯನ್ನು ನಿಷೇಧಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ 2012ರ ತಿದ್ದುಪಡಿ ಮದ್ರಸಗಳನ್ನೂ ವೇದ ಪಾಠಶಾಲೆಗಳನ್ನೂ ಹೊರಗಿಟ್ಟಿದೆ. ಆದರೆ ತನ್ನ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗುವುದನ್ನು ಅಪರಾಧವೆಂದು ಸಾರುವ 2015ರ ಬಾಲನ್ಯಾಯ ಕಾಯ್ದೆಯಾಗಲಿ, ಲೈಂಗಿಕ ದೌರ್ಜನ್ಯದ ಮಾಹಿತಿ ಇರುವ ಪ್ರತಿಯೊಬ್ಬರೂ ಅದನ್ನು ವರದಿ ಮಾಡಲೇಬೇಕೆಂದು ವಿಧಿಸುವ 2012ರ ಪೋಕ್ಸೊ ಕಾಯ್ದೆಯಾಗಲಿ ಯಾವ ಶಾಲೆಯನ್ನೂ ಹೊರಗಿಡುವುದಿಲ್ಲ. ವಿದ್ಯಾರ್ಥಿಗಳ ಮೇಲಿನ ಕಾಠಿಣ್ಯ ಅವರಲ್ಲಿ ಸೋಮಾರಿತನವನ್ನೂ ಸುಳ್ಳನ್ನೂ ಬೆಳೆಸುತ್ತದೆ ಎಂದು ಇಬ್ನ್ ಖಲ್ದೂನ್ ಆರು ಶತಮಾನಗಳಿಗೂ ಹಿಂದೆಯೇ ಎಚ್ಚರಿಸಿದ್ದಾರೆ. ಬೆತ್ತವಿಲ್ಲದೆ ತರಗತಿಯನ್ನು ನಡೆಸುವ ಕೌಶಲವನ್ನು ಕಲಿಸದೆ ಬೆತ್ತ ಹಿಡಿಯಬೇಡಿ ಎಂದು ಆಜ್ಞೆ ಮಾಡುವುದು ಬೋಧಕನನ್ನು ಅಸಹಾಯಕನನ್ನಾಗಿಸುತ್ತದೆ. ಆದ್ದರಿಂದ ಕಾನೂನಿನ ತಿಳಿವಳಿಕೆ ಮತ್ತು ಪರ್ಯಾಯ ವಿಧಾನಗಳ ಅಭ್ಯಾಸ ಎರಡೂ ಒಂದೇ ಕಾರ್ಯಾಗಾರದಲ್ಲಿ ಜೊತೆಯಾಗಿ ಬರಬೇಕು.

ತರಬೇತಿಯ ನೆಪದಲ್ಲಿ ಸರ್ಕಾರ ಧಾರ್ಮಿಕ ಸಂಸ್ಥೆಗಳ ಆಡಳಿತದಲ್ಲಿ ಕೈಹಾಕಬಹುದೆಂಬ ಆತಂಕ ಆಧಾರವಿಲ್ಲದ್ದಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 2024ರ ನವೆಂಬರ್ 5ರಂದು ಉತ್ತರ ಪ್ರದೇಶದ ಮದ್ರಸ ಶಿಕ್ಷಣ ಮಂಡಳಿ ಕಾಯ್ದೆಯನ್ನು ಉನ್ನತ ಪದವಿಗಳ ಭಾಗವನ್ನುಳಿದು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಶಿಕ್ಷಣದ ಗುಣಮಟ್ಟವನ್ನು ಕಾಪಾಡುವುದು ಈ ಹಕ್ಕಿಗೆ ವಿರುದ್ಧವಲ್ಲವೆಂದೂ, ಆದರೆ ಸಂಸ್ಥೆಯ ಅಲ್ಪಸಂಖ್ಯಾತ ಸ್ವರೂಪಕ್ಕೆ ಧಕ್ಕೆ ಬರಬಾರದೆಂದೂ ಸ್ಪಷ್ಟಪಡಿಸಿತು. ಸಮುದಾಯದ ಮಂಡಳಿಗಳೇ ಮುಂದೆ ನಿಂತು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಬೋಧಕರನ್ನೂ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಅನುಭವಿ ಶಿಕ್ಷಕರನ್ನೂ ಆಹ್ವಾನಿಸಿ ಕಾರ್ಯಾಗಾರ ನಡೆಸಿದರೆ ಸ್ವಾಯತ್ತತೆಯೂ ಉಳಿಯುತ್ತದೆ, ಹೊಸ ತಿಳಿವಳಿಕೆಯೂ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕನಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆಯ ಅವಕಾಶವಿರಬೇಕೆನ್ನುತ್ತದೆ. ಶಾಲೆಗೆ ಹೋಗುವ ಅದೇ ಮಕ್ಕಳಿಗೆ ಬೆಳಿಗ್ಗೆ ಪಾಠ ಹೇಳುವ ಮುಅಲ್ಲಿಮನಿಗೂ ಅಷ್ಟೇ ಅವಕಾಶವಿರಬೇಕೆಂದು ಬಯಸುವುದು ನ್ಯಾಯವಾದ ಬೇಡಿಕೆ.

ಆದರೆ ಬದುಕಿಗೆ ಸಾಲದ ಸಂಬಳದ ಕೊರತೆಯನ್ನು ಯಾವ ಕಾರ್ಯಾಗಾರವೂ ತುಂಬಲಾರದು. ಬಹುಪಾಲು ಬೋಧಕರು ಪಾಠದ ಜೊತೆಗೆ ಮಸೀದಿಯ ಕೆಲಸವನ್ನೂ ನಿರ್ವಹಿಸುತ್ತಾರೆ, ಹಲವರು ಕುಟುಂಬದಿಂದ ದೂರವಿದ್ದು ದುಡಿಯುತ್ತಾರೆ. ಅಂಥವರನ್ನು ವಾರದ ಒಂದೇ ರಜೆಯ ದಿನ ಸ್ವಂತ ಖರ್ಚಿನಲ್ಲಿ ತರಬೇತಿಗೆ ಕರೆಯುವುದು ಸರಿಯಲ್ಲ. ಕೇರಳ 2019ರ ಕಾಯ್ದೆಯ ಮೂಲಕ ಬೋಧಕರ ಮತ್ತು ಆಡಳಿತ ಸಮಿತಿಗಳ ವಂತಿಗೆಯಿಂದ ನಡೆಯುವ ಮದ್ರಸ ಶಿಕ್ಷಕರ ಕ್ಷೇಮನಿಧಿಗೆ ಕಾನೂನಿನ ನೆಲೆಯನ್ನು ಒದಗಿಸಿದೆ. ಕರ್ನಾಟಕವೂ ಇಂತಹ ವ್ಯವಸ್ಥೆಯನ್ನು ಪರಿಗಣಿಸಬೇಕು. ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಧಾರ್ಮಿಕ ಪಾಠ ಹೇಳುವ ಮಹಿಳೆಯರ ಸಂಖ್ಯೆ ಹೆಚ್ಚುತ್ತಿರುವ ಈ ಕಾಲದಲ್ಲಿ, ಅವರಿಗೆ ಅನುಕೂಲವಾದ ಸಮಯ ಮತ್ತು ಸ್ಥಳದಲ್ಲಿ, ಅವರೇ ಸಂಪನ್ಮೂಲ ವ್ಯಕ್ತಿಗಳಾಗಿ ಭಾಗವಹಿಸುವ ಶಿಬಿರಗಳೂ ನಡೆಯಬೇಕು.

ಮಾಡಬೇಕಾದದ್ದು ಬಹಳ ದೊಡ್ಡ ಖರ್ಚಿನ ಕೆಲಸವೇನಲ್ಲ. ರೇಂಜ್ ಮಟ್ಟದಲ್ಲಿ ತಿಂಗಳಿಗೊಮ್ಮೆ ಸೇರುವ ಬೋಧಕರು, ಪ್ರತಿ ಸಲ ಒಬ್ಬರು ತಮ್ಮ ತರಗತಿಯ ನಿಜವಾದ ತೊಡಕೊಂದನ್ನು ಮಂಡಿಸಿ, ಎಲ್ಲರೂ ಕೂಡಿ ಅದಕ್ಕೊಂದು ಪಾಠವನ್ನು ಯೋಜಿಸಿ, ಮುಂದಿನ ಸಭೆಯಲ್ಲಿ ಅದರ ಫಲವನ್ನು ಹಂಚಿಕೊಳ್ಳಲಿ. ತಪ್ಪು ಹುಡುಕುವ ತಪಾಸಣೆಯ ಜೊತೆಗೆ, ಪಾಠವನ್ನು ಗಮನಿಸಿ ಸಲಹೆ ಕೊಡುವ ಮಾರ್ಗದರ್ಶನವೂ ಮುಫತ್ತಿಶರ ಕರ್ತವ್ಯವಾಗಲಿ. ಪ್ರಯಾಣ ಮತ್ತು ಊಟದ ವೆಚ್ಚವನ್ನು ಜಮಾಅತ್ ಸಮಿತಿಗಳು ವಹಿಸಿಕೊಳ್ಳಲಿ. ಇಂತಹ ಕಲಿಕೆಗೆ ಸೇವಾ ದಾಖಲೆಯಲ್ಲಿ ಸ್ಥಾನವೂ ವೇತನದಲ್ಲಿ ಬೆಲೆಯೂ ಸಿಗಲಿ. ಏಳು ದಶಕಗಳಲ್ಲಿ ಊರೂರಿಗೂ ಮದ್ರಸ ಕಟ್ಟಿಕೊಟ್ಟ ಸಮುದಾಯಕ್ಕೆ ಅಲ್ಲಿನ ಬೋಧಕನನ್ನು ಬೆಳೆಸುವ ಶಕ್ತಿ ಖಂಡಿತ ಇದೆ; ಮುಂದಿನ ಶೈಕ್ಷಣಿಕ ವರ್ಷದ ಆಯವ್ಯಯವನ್ನು ಸಿದ್ಧಪಡಿಸುವಾಗ ಕಟ್ಟಡದ ನಿಧಿಯ ಪಕ್ಕದಲ್ಲಿ ಬೋಧಕರ ಕಲಿಕೆಗೂ ಒಂದು ನಿಧಿಯನ್ನು ತೆಗೆದಿರಿಸುವುದರಿಂದ ಸಮಿತಿಗಳು ಈ ಕೆಲಸವನ್ನು ಆರಂಭಿಸಬೇಕು.